ಕರ್ತವ್ಯದಲ್ಲಿ ಮಡಿದ ಪೊಲೀಸ್ ಅಧಿಕಾರಿಯನ್ನು ಸಿಟಿ ಕೌನ್ಸಿಲ್ ಸಭೆಯಲ್ಲಿ ಸ್ಮರಿಸುವುದು ಹೇಗೆ?

ಕ್ಯಾಲಿಫೋರ್ನಿಯಾದ ನಿಮ್ಮ ನಗರದಲ್ಲಿ ಕರ್ತವ್ಯದ ವೇಳೆ ಮಡಿದ ಪೊಲೀಸ್ ಅಧಿಕಾರಿಯೊಬ್ಬರನ್ನು ಮೇ ತಿಂಗಳ ಕೌನ್ಸಿಲ್ ಸಭೆಯಲ್ಲಿ ಗೌರವಿಸಬೇಕೆಂದಿದ್ದೀರಿ. ಸಾರ್ವಜನಿಕರ ಮಾತಿಗೆ ಮೀಸಲಾದ ಸಮಯದಲ್ಲಿ ಎದ್ದು ಕೇಳಿಕೊಂಡರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಸಾಲದು. ನಾನೂ ಇದೇ ರಾಜ್ಯದಲ್ಲಿದ್ದು ಇಂತಹ ಸಭೆಗಳಲ್ಲಿ ಕುಳಿತುಬಂದಿರುವುದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ಇಲ್ಲಿನ ಸ್ಥಳೀಯ ಸಂಸ್ಥೆಗಳ ಸಭೆಗಳಿಗೆ 1953ರ ಬ್ರೌನ್ ಕಾಯ್ದೆ, ಅಂದರೆ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕೆನ್ನುವ ರಾಜ್ಯದ ಕಾನೂನು, ಅನ್ವಯಿಸುತ್ತದೆ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮುಂಚಿತವಾಗಿ ಪ್ರಕಟಿಸಬೇಕು. ಅದರಲ್ಲಿ ಇಲ್ಲದ ವಿಷಯದ ಬಗ್ಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸದಸ್ಯರು ಚರ್ಚಿಸುವಂತೆಯೂ ಇಲ್ಲ, ನಿರ್ಣಯ ಕೈಗೊಳ್ಳುವಂತೆಯೂ ಇಲ್ಲ. ಆದ್ದರಿಂದ ನೀವು ಎಷ್ಟೇ ಮನಮುಟ್ಟುವಂತೆ ಮಾತನಾಡಿದರೂ ಮೇಯರ್ ಎರಡು ಮಾತಿನಲ್ಲಿ ವಂದಿಸಿ ಮುಂದಿನ ವಿಷಯಕ್ಕೆ ಹೋಗಬೇಕಾಗುತ್ತದೆ. ಮೃತರ ಕುಟುಂಬ ಅದೇ ಸಭಾಂಗಣದಲ್ಲಿದ್ದರೆ, ಕಾನೂನಿನ ಆ ಕಟ್ಟುಪಾಡು ಅವರ ಕಣ್ಣಿಗೆ ಅನಾದರವಾಗಿಯೇ ಕಾಣುತ್ತದೆ.

ಎಲ್ಲಕ್ಕಿಂತ ಮೊದಲು ಆ ಕುಟುಂಬದವರ ಒಪ್ಪಿಗೆ ಬೇಕು. ನೇರವಾಗಿ ಅವರ ಮನೆಗೆ ಹೋಗದೆ ಪೊಲೀಸ್ ಇಲಾಖೆಯ ಮೂಲಕವೇ ಕೇಳಿಸಿ. ಹೆಸರನ್ನು ಹೇಗೆ ಉಚ್ಚರಿಸಬೇಕು, ಯಾವ ಭಾವಚಿತ್ರ ಇಡಬೇಕು, ಮಕ್ಕಳನ್ನು ವೇದಿಕೆಗೆ ಕರೆಯಬಹುದೇ ಎಂಬ ಸಣ್ಣ ಸಂಗತಿಗಳನ್ನೂ ಅವರೇ ತೀರ್ಮಾನಿಸಲಿ. ಅಂತ್ಯಕ್ರಿಯೆಯ ದಿನ ನಿಯಂತ್ರಣ ಕೊಠಡಿಯವರು ರೇಡಿಯೋದಲ್ಲಿ ಮೃತ ಅಧಿಕಾರಿಯ ಸಂಖ್ಯೆಯನ್ನು ಕರೆದು, ಉತ್ತರ ಬಾರದಿದ್ದಾಗ ಮತ್ತೆ ಕರೆದು, ಕೊನೆಗೆ ಅವರ ಪಾಳಿ ಮುಗಿಯಿತೆಂದು ಘೋಷಿಸುವ ಪದ್ಧತಿ ಅನೇಕ ಇಲಾಖೆಗಳಲ್ಲಿದೆ. ಆ ಧ್ವನಿಮುದ್ರಿಕೆಯನ್ನು ಸಭೆಯಲ್ಲಿ ಕೇಳಿಸಬೇಕೆಂದು ಸದುದ್ದೇಶದಿಂದಲೇ ಕೆಲವರು ಬಯಸುತ್ತಾರೆ. ಆದರೆ ಆ ಮೌನವನ್ನು ಒಮ್ಮೆ ಕೇಳಿದ ಹೆಂಡತಿಯೋ ತಾಯಿಯೋ ಅದನ್ನು ಜನರ ನಡುವೆ ಕುಳಿತು ಇನ್ನೊಮ್ಮೆ ಕೇಳಬೇಕೆಂದು ಬಯಸುವುದು ನ್ಯಾಯವಲ್ಲ. ಅವರಾಗಿಯೇ ಕೇಳದ ಹೊರತು ದಯವಿಟ್ಟು ಅದನ್ನು ಕೈಬಿಡಿ.

ಮೇ ತಿಂಗಳನ್ನು ನೀವು ಆರಿಸಿಕೊಂಡದ್ದು ಸರಿಯಾಗಿದೆ. ಸಂಸತ್ತಿನ ಗೊತ್ತುವಳಿಗೆ ಅಧ್ಯಕ್ಷ ಕೆನಡಿ 1962ರಲ್ಲಿ ಸಹಿ ಹಾಕಿದಂದಿನಿಂದ ಮೇ 15 ಮಡಿದ ಪೊಲೀಸರ ಸ್ಮರಣೆಯ ದಿನವಾಗಿದ್ದು, 1994ರ ತಿದ್ದುಪಡಿಯ ನಂತರ ಅಂದು ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸಲಾಗುತ್ತದೆ. ವಾಷಿಂಗ್ಟನ್‌ನಲ್ಲಿ 1991ರಲ್ಲಿ ಲೋಕಾರ್ಪಣೆಗೊಂಡ ರಾಷ್ಟ್ರೀಯ ಸ್ಮಾರಕದ ಗೋಡೆಗಳಿಗೆ ಪ್ರತಿವರ್ಷ ಹೊಸ ಹೆಸರುಗಳು ಸೇರುತ್ತವೆ. ಆ ವಾರದಲ್ಲಿ ಪೊಲೀಸರು ತಮ್ಮ ಬ್ಯಾಡ್ಜಿನ ಮೇಲೆ ಅಡ್ಡಲಾಗಿ ತೆಳುವಾದ ಕಪ್ಪು ಪಟ್ಟಿ ಧರಿಸಿರುವುದನ್ನು ನೀವೂ ಗಮನಿಸಿರಬಹುದು.

ಏನನ್ನು ಕೇಳಬೇಕೆಂಬುದೂ ಮುಖ್ಯ. ಘೋಷಣಾ ಪತ್ರವನ್ನು ಸಾಮಾನ್ಯವಾಗಿ ಮೇಯರ್ ಸಹಿ ಮಾಡಿ ಓದುತ್ತಾರೆ; ಗೊತ್ತುವಳಿಗೆ ಇಡೀ ಕೌನ್ಸಿಲ್ ಮತ ಹಾಕುತ್ತದೆ. ನನಗೆ ಗೊತ್ತುವಳಿಯೇ ಮೇಲೆನಿಸುತ್ತದೆ, ಏಕೆಂದರೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಹೆಸರನ್ನು ಅದಕ್ಕೆ ಸೇರಿಸುತ್ತಾರೆ. ಜೊತೆಗೆ, ಮೃತರ ಸ್ಮರಣಾರ್ಥ ಸಭೆಯನ್ನು ಮುಕ್ತಾಯಗೊಳಿಸುವ ಪದ್ಧತಿ ಇಲ್ಲಿನ ಹಲವು ನಗರಗಳಲ್ಲಿದೆ. ಹಾಗೆ ಮಾಡಿದರೆ ಅವರ ಹೆಸರು ಸಭಾ ನಡಾವಳಿಯಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ. ರಸ್ತೆಗೆ ಹೆಸರಿಡುವ ಆಲೋಚನೆಯಿದ್ದರೆ, ನಗರದ ರಸ್ತೆ ಕೌನ್ಸಿಲ್‌ನ ಕೈಯಲ್ಲಿದೆ, ರಾಜ್ಯ ಹೆದ್ದಾರಿಗೆ ಮಾತ್ರ ಶಾಸನಸಭೆಯ ಉಭಯ ಸದನಗಳ ಗೊತ್ತುವಳಿ ಬೇಕು.

ಅದೇ ಸಭೆಗೆ ಪೊಲೀಸರ ವಿರುದ್ಧ ದೂರು ಹೇಳುವವರೂ ಬರಬಹುದು. ಅವರ ಹಕ್ಕು ಅವರದು. ಅವರನ್ನು ತಡೆಯಬೇಕೆಂದು ಯಾರನ್ನೂ ಕೋರಬೇಡಿ. ಗೌರವಾರ್ಪಣೆಯನ್ನು ಕಾರ್ಯಸೂಚಿಯ ಆರಂಭದಲ್ಲೇ ಇಟ್ಟು, ನಂತರ ಐದು ನಿಮಿಷ ಬಿಡುವು ಕೊಡುವಂತೆ ಮೊದಲೇ ಕೇಳಿಕೊಂಡರೆ ಕುಟುಂಬದವರು ಮುಜುಗರವಿಲ್ಲದೆ ಹೊರಡಬಹುದು. ಇಷ್ಟನ್ನೂ ಬರೆದು, ಕೌನ್ಸಿಲ್ ಸದಸ್ಯರೊಬ್ಬರ ಬೆಂಬಲ ಪಡೆದು, ಏಪ್ರಿಲ್ ಆರಂಭದಲ್ಲೇ ಸಿಟಿ ಕ್ಲರ್ಕ್ ಕಚೇರಿಗೆ ಸಲ್ಲಿಸಿ.