ಆಫ್ರಿಕಾದ ಸಣ್ಣ ಭಾಷೆಯೊಂದಕ್ಕೆ ನಿಘಂಟು ಮಾಡಲು ಯಾವ ತಂತ್ರಾಂಶ ಒಳ್ಳೆಯದು?

ತಾಂಜಾನಿಯಾದಲ್ಲಿ ನೆರೆಯವರ ಭಾಷೆಯ ಎಂಟುನೂರು ಪದಗಳನ್ನು ಸ್ವಾಹಿಲಿ ಅಕ್ಷರಗಳಲ್ಲಿ, ಅಂದರೆ ಆ ದೇಶದ ರಾಷ್ಟ್ರಭಾಷೆಯನ್ನು ಬರೆಯುವ ರೋಮನ್ ಅಕ್ಷರಗಳಲ್ಲಿ, ಬರೆದಿಟ್ಟಿದ್ದೀರಿ. ಯಾವ ತಂತ್ರಾಂಶಕ್ಕೆ ಏರಿಸಲಿ, ಎಷ್ಟು ಪದಗಳಾದರೆ ಅಚ್ಚಿಗೆ ಕೊಡಬಹುದು ಎಂದು ಕೇಳಿದ್ದೀರಿ. ‘ಸ್ವಾಹಿಲಿ ಅಕ್ಷರಗಳಲ್ಲಿ’ ಎಂಬುದನ್ನು ಓದಿದ ಕೂಡಲೇ ಈ ಉತ್ತರ ಬರೆಯಲು ಕುಳಿತೆ.

ದೊಡೋಮಾ ಪ್ರಾಂತ್ಯದ ಕೊಂಡೋವಾದಲ್ಲಿ ನಾನು ಕೆಲವು ವರ್ಷ ಗಣಿತ ಕಲಿಸುತ್ತಿದ್ದೆ. ಅಲ್ಲಿನ ರಾಂಗಿ ಜನರ ಭಾಷೆ ಸ್ವಾಹಿಲಿಯಂತೆಯೇ ಬಾಂಟು ಕುಟುಂಬದ್ದು. ಅದರ ಸುತ್ತ ಬುರುಂಗೆ, ಅಲಾಗ್ವಾ ಎಂಬ, ಕುಶಿಟಿಕ್ ಎನ್ನುವ ಬೇರೆಯೇ ಕುಟುಂಬದ ಭಾಷೆಗಳೂ ನಾಲಿಗೆಯ ಲೊಚಗುಟ್ಟುವ ಧ್ವನಿಗಳುಳ್ಳ ಸಂಡಾವೆಯೂ ಇವೆ. ಊರಿನ ಕೆಲವು ಯುವಕರು ತಮ್ಮ ಮಾತಿಗೊಂದು ನಿಘಂಟು ಬೇಕೆಂದು ಹೊರಟಾಗ, ಪದಗಳನ್ನು ಕಾರ್ಡುಗಳಲ್ಲಿ ಬರೆದು ಜೋಡಿಸುವ ಹೊಣೆಯನ್ನು ನಾನು ವಹಿಸಿಕೊಂಡೆ. ಎರಡು ವರ್ಷಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರ್ಡುಗಳಾದವು.

ನನ್ನ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸ್ವಾಹಿಲಿಯಲ್ಲಿ ಐದು ಸ್ವರಗಳಿವೆ, ರಾಂಗಿಯಲ್ಲಿ ಏಳು. ‘ಇ’ ಮತ್ತು ‘ಎ’ಗಳ ನಡುವೆ ಒಂದು, ‘ಉ’ ಮತ್ತು ‘ಒ’ಗಳ ನಡುವೆ ಒಂದು, ಹೀಗೆ ಎರಡು ಸ್ವರಗಳು ಅಲ್ಲಿ ಹೆಚ್ಚಿಗೆ ಇವೆ. ಸ್ವರ ಹ್ರಸ್ವವೋ ದೀರ್ಘವೋ ಎಂಬುದು ಕನ್ನಡದಲ್ಲಿರುವಂತೆ ರಾಂಗಿಯಲ್ಲೂ ಅರ್ಥವನ್ನು ಬದಲಿಸುತ್ತದೆ. ಅದನ್ನು ನನ್ನ ಕಿವಿ ಮೊದಲ ದಿನದಿಂದಲೇ ಸರಿಯಾಗಿ ಹಿಡಿಯಿತು. ದೀರ್ಘವನ್ನು ಕೇಳಿಸಿಕೊಂಡ ಕಿವಿ ಉಳಿದುದನ್ನೂ ಕೇಳಿಸಿಕೊಳ್ಳುತ್ತಿದೆ ಎಂದು ನಾನು ನಂಬಿದೆ. ಆದರೆ ಆ ನಡುವಿನ ಸ್ವರ ನನಗೆ ಒಮ್ಮೆ ‘ಇ’ ಎಂದೂ ಮತ್ತೊಮ್ಮೆ ‘ಎ’ ಎಂದೂ ಕೇಳಿಸುತ್ತಿತ್ತು, ಕೇಳಿಸಿದಂತೆ ಬರೆದೆ. ಸ್ವಾಹಿಲಿಯಲ್ಲೇ ಅಕ್ಷರ ಕಲಿತ ನನ್ನ ಜೊತೆಗಾರರೂ ಹಾಗೆಯೇ ಬರೆದರು. ಬಾಯಲ್ಲಿ ಅವರಿಗೆ ತಪ್ಪುತ್ತಿರಲಿಲ್ಲ, ಆದರೆ ಕೈಗೆ ಸಿಕ್ಕಿದ್ದು ಐದೇ ಅಕ್ಷರಗಳು. ರಾಂಗಿಯಲ್ಲಿ ಧ್ವನಿಯ ಏರಿಳಿತದಿಂದಲೂ ಅರ್ಥ ಬೇರೆಯಾಗುತ್ತದೆ, ಅದನ್ನಂತೂ ಗುರುತಿಸಲೇ ಇಲ್ಲ. ಇಷ್ಟೆಲ್ಲ ಆದರೂ ಒಂದು ರೆಕಾರ್ಡರ್ ಇದ್ದಿದ್ದರೆ ಕೆಲಸ ಉಳಿಯುತ್ತಿತ್ತು. ಬ್ಯಾಟರಿಯ ಖರ್ಚಿಗಿಂತ ಕಾರ್ಡು ಅಗ್ಗವೆಂದು ಹೇಳಿ ಅದನ್ನು ಬೇಡವೆಂದವನು ನಾನೇ.

ಕನ್ನಡದ ಓದುಗರಿಗೆ ಇದು ಅಪರಿಚಿತ ಸಂಗತಿಯಲ್ಲ. ಕೊಡವ ಭಾಷೆಯ ಕೆಲವು ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರ ಹೆಸರಿನ ರೋಮನ್ ಬರಹದಲ್ಲಿ ಎರಡು ಸ್ವರಗಳ ತಲೆಯ ಮೇಲಿರುವ ಅಲೆಯಂಥ ಗೆರೆ, ಗಿಕುಯು ಭಾಷೆಯಲ್ಲೂ ಇರುವ ಏಳು ಸ್ವರಗಳನ್ನು ಬೇರ್ಪಡಿಸುವ ಗುರುತು. ಅಂಥ ಗುರುತನ್ನು ಅಲಂಕಾರವೆಂದು ನಾನು ತಿಳಿದಿದ್ದೆ.

ಕಾರ್ಡುಗಳನ್ನು ಹಿರಿಯರ ಮುಂದೆ ಓದಿಸಿದ ದಿನ ಎಲ್ಲವೂ ಹೊರಬಿತ್ತು. ಒಬ್ಬ ಹುಡುಗ ಓದುತ್ತಾ ಹೋದಂತೆ, ನಾವೆಲ್ಲ ಮ್ಝೇ (ಸ್ವಾಹಿಲಿಯಲ್ಲಿ ಹಿರಿಯರು) ಎಂದು ಕರೆಯುತ್ತಿದ್ದ ವೃದ್ಧರೊಬ್ಬರು ಅರ್ಧಕ್ಕೆ ತಡೆದು, ಇದು ಶಾಲೆಯಲ್ಲಿ ಕಲಿತವರ ಬಾಯಿ, ನಮ್ಮದಲ್ಲ ಎಂದರು. ಬೇರೆ ಬೇರೆ ಪದಗಳು ಒಂದೇ ಕಾಗುಣಿತದಲ್ಲಿ ಸೇರಿಕೊಂಡಿದ್ದವು. ಒಂದೇ ಪದ ಎರಡು ಕಾರ್ಡುಗಳಲ್ಲಿ ಎರಡು ರೀತಿ ಇತ್ತು. ಮತ್ತೆ ಕೇಳಿ ತಿದ್ದಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ತಿದ್ದಲಾಗದೆ ಉಳಿದದ್ದು ದನಗಳ ಮಾತು. ಮಣ್ಣಿನ ಸವಕಳಿ ತಡೆಯಲು 1973ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯ ಅಡಿಯಲ್ಲಿ 1979ರಲ್ಲಿ ಕೊಂಡೋವಾದ ಕೊರಕಲು ಬಿದ್ದ ಪ್ರದೇಶದಿಂದ ದನಕರುಗಳನ್ನು ಹೊರಗೆ ಸಾಗಿಸಲಾಯಿತು. ಹಸುವಿನ ಮೈಬಣ್ಣ, ಕೊಂಬಿನ ಬಾಗು, ಚರ್ಮದ ಮಚ್ಚೆಗಳಿಗೆ ಒಂದೊಂದು ಪದ ಬಲ್ಲವರು ಅದಕ್ಕೂ ಮುಂಚೆ ಮೇಯಿಸಿದವರೇ. ನನಗೆ ಆ ಪದಗಳನ್ನು ಹೇಳಿದ ಇಬ್ಬರೂ ತಿದ್ದುಪಡಿಯ ಹೊತ್ತಿಗೆ ತೀರಿಕೊಂಡಿದ್ದರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಣ್ಣ ಭಾಷೆಗಳ ಮೇಲೆ ಕೆಲಸ ಮಾಡುವ ಎಸ್‌ಐಎಲ್ ಸಂಸ್ಥೆಯ ಫೀಲ್ಡ್‌ವರ್ಕ್ಸ್ ಎಂಬ ನಿಘಂಟು ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಚೆನ್ನಾಗಿಯೂ ಇದೆ. ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲೂ ಆರಂಭಿಸಬಹುದು. ಪದಗಳ ಸಂಖ್ಯೆಯ ಬಗ್ಗೆಯೂ ಚಿಂತಿಸಬೇಡಿ. ಅರ್ಥಕ್ಷೇತ್ರಗಳ, ಅಂದರೆ ಪದಗಳನ್ನು ವಿಷಯವಾರು ಕೇಳುವ, ಪ್ರಶ್ನಾವಳಿಯೊಂದಿದೆ, ಸುಮಾರು 1,800 ವಿಷಯಗಳದ್ದು. ಅದನ್ನು ಹಿಡಿದು ಊರಿನವರು ಗುಂಪುಗಳಾಗಿ ಕುಳಿತರೆ ಎರಡು ವಾರಗಳಲ್ಲಿ ಸಾವಿರಾರು ಪದಗಳು ಹೊರಬರುತ್ತವೆ. ಸ್ವಾಹಿಲಿಯಲ್ಲಿ ‘ಉಲೇಜಿ’ಗೆ ಏನೆನ್ನುತ್ತೀರಿ ಎಂದು ಕೇಳಿದರೆ ರಾಗಿಗೆ ಒಂದು ಪದ ಸಿಗುತ್ತದೆ; ರಾಗಿಯನ್ನು ಬಿತ್ತುವಾಗ, ಬಡಿಯುವಾಗ, ಬೀಸುವಾಗ ಏನೇನು ಹೇಳುತ್ತೀರಿ ಎಂದು ಕೇಳಿದರೆ ಹತ್ತಾರು ಸಿಗುತ್ತವೆ.

ಮೊದಲು ಅಕ್ಷರಗಳನ್ನು ನಿರ್ಧರಿಸಿ, ಅದನ್ನೂ ಅವರೇ ನಿರ್ಧರಿಸಲಿ. ಒಂದೇ ಬಗೆಯ ಪದಗಳ ಕಾರ್ಡುಗಳನ್ನು ಮುಂದಿಟ್ಟು, ಒಬ್ಬೊಬ್ಬರೇ ಜೋರಾಗಿ ನುಡಿದು, ಒಂದೇ ಸ್ವರವೆನಿಸಿದವನ್ನು ಒಂದು ರಾಶಿಗೆ ಹಾಕಲಿ. ಎಷ್ಟು ರಾಶಿಗಳಾಗುತ್ತವೆಯೋ ಅಷ್ಟು ಸ್ವರಗಳು. ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಭಾಷೆ ಬಾಂಟು ಕುಟುಂಬದ್ದಾದರೆ ಬಹುವಚನವನ್ನು ಬಿಡದೆ ಕೇಳಿ, ಏಕೆಂದರೆ ಪದದ ಮೊದಲ ಭಾಗವೇ ಬದಲಾಗುತ್ತದೆ. ಅರಬ್ಬಿಯ ಕಿತಾಬ್ ಸ್ವಾಹಿಲಿಗೆ ಹೋಗಿ ‘ಕಿತಾಬು’ ಆಯಿತು, ಅದರ ಬಹುವಚನ ‘ವಿತಾಬು’.

ನಿಮಗೆ ಎಂಟುನೂರು ಪದಗಳನ್ನು ಹೇಳಿದವರ ಬಳಿಗೆ ಈ ವಾರವೇ ಹೋಗಿ. ಅವರ ಒಪ್ಪಿಗೆ ಪಡೆದು, ಪ್ರತಿ ಪದವನ್ನು ಮೂರು ಸಲ, ಆಮೇಲೆ ಒಂದು ಚಿಕ್ಕ ವಾಕ್ಯದೊಳಗೆ ಹೇಳಿಸಿ ಧ್ವನಿಮುದ್ರಿಸಿಕೊಳ್ಳಿ, ಕಡತದ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆಯಿರಿ. ಎಲ್ಲರಿಗಿಂತ ವಯಸ್ಸಾದವರಿಂದ ಆರಂಭಿಸಿ. ನಮ್ಮ ನಿಘಂಟಿನಲ್ಲಿ ದನಗಳ ಪದಗಳ ಮುಂದೆ ಒಂದು ನಕ್ಷತ್ರದ ಗುರುತಿದೆ. ಆ ಪದವನ್ನು ಹೇಗೆ ನುಡಿಯಬೇಕೆಂದು ತಿಳಿದಿಲ್ಲ ಎಂಬುದು ಅದರ ಅರ್ಥ.