ಒಂದು ಮಣಿ ನೋಡಿ ಯಾವ ಜನ ಅಂತ ಹೇಳಬಹುದಾ?

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಹೆಸರು, ಕಲ್ಲು ಏನೂ ಇಲ್ಲದ ಹಳೆಯ ಸ್ಮಶಾನದ ಅಗೆತದ ವರದಿ ಓದುತ್ತಿದ್ದೀರಿ. ಒಂದು ಗುಂಡಿಯಲ್ಲಿ ಗಾಜಿನ ಮಣಿ ಸಿಕ್ಕಿದೆ. ಅಲ್ಲಿ ಮಲಗಿದವರು ಯಾವ ಸಮುದಾಯ ಅಂತ ಇದರಿಂದ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಬರೀ ಮಣಿಯಿಂದ ಆಗುವುದಿಲ್ಲ. ಅದು ಮೈಮೇಲೆ ಎಲ್ಲಿತ್ತು ಅನ್ನುವುದು ಗೊತ್ತಿದ್ದರೆ ಒಂದಿಷ್ಟು ಹೇಳಬಹುದು.

ನ್ಯೂಯಾರ್ಕಿನ ಆಫ್ರಿಕನ್ ಬರಿಯಲ್ ಗ್ರೌಂಡ್ ನೋಡಿ. 1991ರಲ್ಲಿ ಸರ್ಕಾರಿ ಕಟ್ಟಡ ಕಟ್ಟಲು ಹೊರಟಾಗ ಹೊರಬಂದ ಜಾಗ. 18ನೇ ಶತಮಾನದಲ್ಲಿ ಊರಿನ ಆಫ್ರಿಕನ್ ಮೂಲದವರನ್ನು, ಅಂದರೆ ಗುಲಾಮರನ್ನೂ ಸ್ವತಂತ್ರರನ್ನೂ, ಅಲ್ಲಿ ಹೂಳುತ್ತಿದ್ದರು. 419 ಜನರ ಅಸ್ಥಿ ಸಿಕ್ಕಿತು. 340ನೇ ಸಮಾಧಿಯ ಹೆಂಗಸಿನ ಸೊಂಟದ ಸುತ್ತ ಮಣಿಸರ ಇತ್ತು, ನೂರಕ್ಕಿಂತ ಜಾಸ್ತಿ ಮಣಿ. ಹಲ್ಲನ್ನೂ ಉಜ್ಜಿ ಆಕಾರ ಕೊಟ್ಟಿದ್ದರು. ಆ ಕಾಲಕ್ಕೆ ಯುರೋಪಿನ ಗಾಜಿನ ಮಣಿ ಎಲ್ಲ ಕಡೆ ಮಾರಾಟವಾಗುತ್ತಿದ್ದ ಸರಕು. ಅದು ಯಾರ ಕೈಗೆ ಬೇಕಾದರೂ ಬರಬಹುದು. ಸೊಂಟಕ್ಕೆ ಕಟ್ಟಿಕೊಳ್ಳುವುದು ಮಾತ್ರ ಪಶ್ಚಿಮ ಆಫ್ರಿಕಾದ ರೂಢಿ. ಹಲ್ಲೂ ಅದೇ ಕಡೆ ಬೆರಳು ತೋರಿಸಿತು. ಎರಡು ಸುಳಿವು ಕೂಡಿದವು, ಅದಕ್ಕೇ ಮಾತಿಗೆ ತೂಕ ಬಂತು.

ಅದೇ ಜಾಗದ 101ನೇ ಸಮಾಧಿ ಇನ್ನೂ ಸ್ವಾರಸ್ಯ. ಶವಪೆಟ್ಟಿಗೆಯ ಮುಚ್ಚಳದ ಮೇಲೆ ಸಣ್ಣ ಮೊಳೆ ಹೊಡೆದು ಹೃದಯದಂಥ ಆಕಾರ ಮಾಡಿದ್ದರು. ಇದು ಪಶ್ಚಿಮ ಆಫ್ರಿಕಾದ ಅಕಾನ್ ಜನರ ಸಂಕೋಫಾ ಚಿಹ್ನೆ, ಅಂದರೆ ‘ಹಿಂದೆ ಹೋಗಿ ತಂದುಕೋ’ ಅನ್ನುವ ಗುರುತು, ಅಂತ ಸಂಶೋಧಕರು ಅಂದರು. ಆ ಮಾತು ಎಷ್ಟು ಹಬ್ಬಿತು ಅಂದರೆ ಸ್ಮಾರಕದ ಕಲ್ಲಿನ ಮೇಲೂ ಚಿಹ್ನೆ ಕೆತ್ತಿದರು. 2010ರಲ್ಲಿ ಇತಿಹಾಸಕಾರ ಎರಿಕ್ ಸೀಮನ್ ತಕರಾರು ತೆಗೆದರು. ಪೆಟ್ಟಿಗೆಗೆ ಮೊಳೆಯಲ್ಲಿ ಹೃದಯ ಬಿಡಿಸುವುದು ಆಗಿನ ಇಂಗ್ಲಿಷ್ ಜನರಲ್ಲೂ ಇತ್ತು, ಸಂಕೋಫಾ ಅಷ್ಟು ಹಿಂದೆ ಬಳಕೆಯಲ್ಲಿತ್ತು ಅನ್ನುವುದಕ್ಕೆ ಪುರಾವೆ ಇಲ್ಲ ಅಂತ. ನನಗೆ ಅವರ ವಾದವೇ ಗಟ್ಟಿ ಅನಿಸುತ್ತದೆ. ಹಾಗಂತ ಒಳಗಿದ್ದವರು ಆಫ್ರಿಕನ್ ಅಲ್ಲ ಅಂತಲ್ಲ. ಆ ಹೃದಯ ನೋಡಿ ಅವರಿಗೆ ಏನು ಅನಿಸುತ್ತಿತ್ತು ಅನ್ನುವುದು ಮೊಳೆಯಿಂದ ಗೊತ್ತಾಗುವುದಿಲ್ಲ, ಅಷ್ಟೇ.

ತಲೆಯ ದಿಕ್ಕು ನೋಡಿದರೆ ಸಾಕಲ್ವಾ ಅಂತ ಇನ್ನೊಬ್ಬರು ಬರೆದಿದ್ದಾರೆ. ಸಾಲದು. ಅಲ್ಲಿ ಬಹುಪಾಲು ಜನ ಪೆಟ್ಟಿಗೆಯಲ್ಲಿ, ಪಶ್ಚಿಮಕ್ಕೆ ತಲೆ ಹಾಕಿ ಮಲಗಿದ್ದಾರೆ. ಕ್ರೈಸ್ತರ ಪದ್ಧತಿಯೂ ಅದೇ. ಬರೀ ದಿಕ್ಕು ನೋಡಿದ್ದರೆ ಏನೆಂದುಕೊಳ್ಳುತ್ತಿದ್ದಿರಿ ಯೋಚಿಸಿ! ಬಲಮಗ್ಗುಲಾಗಿ ಮೆಕ್ಕಾ ಕಡೆ ಮುಖ ಮಾಡಿ ಮಲಗಿಸಿದ್ದರೆ ಅದು ಗಟ್ಟಿ ಸುಳಿವು. ಆದರೂ ಅದರಿಂದ ತಿಳಿಯುವುದು ಧರ್ಮ, ಭಾಷೆಯಲ್ಲ, ಊರಲ್ಲ.

ಊರಿಗೆ ಹಲ್ಲು ಬೇಕು. ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಚಿಕ್ಕಂದಿನಲ್ಲೇ ಕಟ್ಟಿಕೊಳ್ಳುತ್ತದೆ, ಆಮೇಲೆ ಬದಲಾಗುವುದಿಲ್ಲ. ಅದರೊಳಗಿನ ಸ್ಟ್ರಾನ್ಷಿಯಂ (ನೆಲದಿಂದ ಅನ್ನ, ನೀರಿನ ಮೂಲಕ ಮೈಗೆ ಸೇರುವ ಧಾತು) ಅಳೆದರೆ ಮಗುವಾಗಿದ್ದಾಗ ಎಂಥ ನೆಲದ ಅನ್ನ, ನೀರು ಉಂಡಿದ್ದರು ಅನ್ನುವ ಅಂದಾಜು ಸಿಗುತ್ತದೆ. ಮನೆಯಲ್ಲಿ ಯಾವ ದೇವರಿಗೆ ಕೈ ಮುಗಿಯುತ್ತಿದ್ದರು ಅಂತ ಸಿಗುವುದಿಲ್ಲ.

ನಿಮ್ಮ ವರದಿಯಲ್ಲಿ ಮೊದಲು ಕಾಲ ನೋಡಿ. ಮೊಳೆ, ಅಂಗಿಯ ಗುಂಡಿ, ಪೆಟ್ಟಿಗೆಯ ಹಿಡಿ, ಇವು ಯಾರು ಅನ್ನುವುದಕ್ಕಿಂತ ಯಾವಾಗ ಅನ್ನುವುದನ್ನು ಚೆನ್ನಾಗಿ ಹೇಳುತ್ತವೆ. ಆಮೇಲೆ ಅಕ್ಕಪಕ್ಕದ ಸಮಾಧಿ ಓದಿ. ಹತ್ತರಲ್ಲಿ ಒಂಬತ್ತು ಕಡೆ ಇಲ್ಲದ್ದು ಈ ಒಂದರಲ್ಲಿ ಮಾತ್ರ ಇದೆಯಾ? ಸುಮ್ನೆ ಒಂದು ಫೋಟೋ ಇಟ್ಟುಕೊಂಡು ವಾದ ಮಾಡಿದರೆ ಪ್ರಯೋಜನವಿಲ್ಲ. ಸಮಾಧಿಯ ರೇಖಾಚಿತ್ರ ಇರುವ ಪುಟ ಹಾಕಿ. ಮಣಿ ಕತ್ತಿನ ಹತ್ತಿರ ಇತ್ತಾ, ಸೊಂಟದ ಹತ್ತಿರವಾ, ಇಲ್ಲಾ ಗುಂಡಿ ಮುಚ್ಚುವಾಗ ಮಣ್ಣಿನ ಜೊತೆ ಬಿದ್ದದ್ದಾ, ನೋಡೋಣ.