ಸಾವಿನ ಹತ್ರ ಚೌಕಾಸಿ

ಪ್ರಶ್ನೆ: 'ಎವ್ರಿಮ್ಯಾನ್' ನಾಟಕ ಮತ್ತೆ ಮಾರ್ಲೋನ 'ಡಾಕ್ಟರ್ ಫಾಸ್ಟಸ್' ಎರಡ್ರಲ್ಲೂ ಸಾವು, ವಿಧಿ ಹೇಗೆ ಬಂದಿದೆ ಅಂತ ಹೋಲಿಸಿ ಬರೀಬೇಕಾಗಿದೆ. ಎರಡೂ ಕಡೆ ಹೀರೋ ಸಾಯ್ತಾನೆ, ಎರಡೂ ಕಡೆ ನರಕದ ಭಯ, ಅದು ಬಿಟ್ರೆ ಏನೂ ಹೊಳೀತಿಲ್ಲ. ಫಾಸ್ಟಸ್‌ಗೆ ಆಗಿದ್ದು ವಿಧಿನಾ, ಅವನೇ ಮಾಡ್ಕೊಂಡಿದ್ದಾ?

ಉತ್ತರ: ಇಬ್ರೂ ಇನ್ನೊಂದ್ ಸ್ವಲ್ಪ ಟೈಮ್ ಕೊಡಿ ಅಂತ ಅಂಗಲಾಚ್ತಾರಲ್ಲ, ಮೊದ್ಲು ಆ ಎರಡು ಸೀನ್ ಪಕ್ಕಪಕ್ಕ ಇಟ್ಕೊಂಡು ಓದಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ. 'ಎವ್ರಿಮ್ಯಾನ್' 15ನೇ ಶತಮಾನದ ಕೊನೆ ಹೊತ್ತಿನದು, ಬರೆದವರು ಯಾರು ಅಂತ ಗೊತ್ತಿಲ್ಲ. ಅದ್ರಲ್ಲಿ ಸಾವೇ ಒಂದು ಪಾತ್ರ, ದೇವರು ಕಳ್ಸಿದ ದೂತ, ಸೀದಾ ಬಂದು ನಿನ್ನ ಪಾಪ-ಪುಣ್ಯದ ಲೆಕ್ಕದ ಪುಸ್ತಕ ತಗೊಂಡು ಹೊರಡು ಅನ್ನುತ್ತೆ. ಹೀರೋ ಎವ್ರಿಮ್ಯಾನ್ ಸಾವಿಗೇ ಸಾವಿರ ಪೌಂಡ್ ಲಂಚ ಕೊಡೋಕೆ ನೋಡ್ತಾನೆ, ಆಗಲ್ಲ ಅಂದ್ಮೇಲೆ ಹನ್ನೆರಡು ವರ್ಷ ಇದ್ದಿದ್ರೆ ಲೆಕ್ಕ ಚೊಕ್ಕ ಮಾಡ್ಕೋತಿದ್ದೆ ಅಂತಾನೆ, ಕೊನೆಗೆ ನಾಳೆವರೆಗಾದ್ರೂ ಬಿಡು ಅನ್ನೋ ಮಟ್ಟಕ್ಕೆ ಇಳೀತಾನೆ.

ಈಗ ಫಾಸ್ಟಸ್ ನೋಡಿ, ಅದು ಸುಮಾರು ನೂರು ವರ್ಷ ಆದ್ಮೇಲಿನ ನಾಟಕ, ಮಂತ್ರಶಕ್ತಿಗೋಸ್ಕರ ತನ್ನ ಆತ್ಮಾನೇ ಸೈತಾನ ಲೂಸಿಫರ್‌ಗೆ ಮಾರ್ಕೊಂಡ ಪಂಡಿತನ ಕಥೆ. ಅಲ್ಲಿ ಬಾಗಿಲು ತಟ್ಟೋಕೆ ಸಾವು ಬರಲ್ಲ, ಕೊನೇ ರಾತ್ರಿ ಗಡಿಯಾರ ಹನ್ನೊಂದು ಹೊಡೆಯುತ್ತೆ ಅಷ್ಟೇ, ಇನ್ನೊಂದೇ ಗಂಟೆ ಬಾಕಿ. ಒಂದು ವರ್ಷ, ಒಂದು ತಿಂಗಳು, ಒಂದು ವಾರ, ಹೋಗ್ಲಿ ಒಂದೇ ಒಂದು ದಿನ ಅಂತ ಇವನೂ ಇಳೀತಾ ಹೋಗ್ತಾನೆ, ಥೇಟ್ ಅದೇ ಚೌಕಾಸಿ. ಆದ್ರೆ ಎವ್ರಿಮ್ಯಾನ್‌ಗೆ ಕರೆ ಬರೋದೇ ಗೊತ್ತಿರ್ಲಿಲ್ಲ, ಫಾಸ್ಟಸ್ ತನ್ನ ರಕ್ತದಲ್ಲೇ 24 ವರ್ಷ ಅಂತ ಬರ್ಕೊಟ್ಟಿದ್ದ, ಡೇಟ್ ಅವನೇ ಹಾಕಿದ್ದು. (ಆ 24 ವರ್ಷದಲ್ಲಿ ಮಾಡಿದ್ದೇನಪ್ಪಾ ಅಂದ್ರೆ ಪೋಪ್‌ಗೆ ಕಾಟ ಕೊಟ್ಟಿದ್ದು, ಬಸುರಿ ಡಚೆಸ್‌ಗೆ ಚಳಿಗಾಲದಲ್ಲಿ ದ್ರಾಕ್ಷಿ ತರಿಸಿಕೊಟ್ಟಿದ್ದು!)

ಎವ್ರಿಮ್ಯಾನ್‌ನಲ್ಲಿ ಸಾವು ತಪ್ಪಲ್ಲ, ಆದ್ರೆ ಸಾವಿನ ಆಚೆ ಏನಾಗುತ್ತೆ ಅನ್ನೋದು ಅವನ ಕೈಲಿದೆ. ಗೆಳೆಯರು, ನೆಂಟರು, ಆಸ್ತಿ ಎಲ್ರೂ ಕೈಕೊಡ್ತಾರೆ, ಕಸಿನ್ ಅಂತೂ ಕಾಲ್ಬೆರಳು ಹಿಡ್ಕೊಂಡಿದೆ ಬರಕ್ಕಾಗಲ್ಲ ಅಂತಾನೆ. ಇವನ ಸತ್ಕರ್ಮ (ಅದೂ ಒಂದು ಪಾತ್ರ) ಮಾತ್ರ ಬರ್ತೀನಿ ಅನ್ನುತ್ತೆ, ಆದ್ರೆ ಅದಕ್ಕೆ ಶಕ್ತಿಯೇ ಇಲ್ಲ, ನೆಲದ ಮೇಲೆ ಬಿದ್ಕೊಂಡಿರುತ್ತೆ, ಇವನು ಪಾಪ ಒಪ್ಕೊಂಡು ಪ್ರಾಯಶ್ಚಿತ್ತ ಮಾಡ್ಕೊಂಡ ಮೇಲೆ ಎದ್ದು ನಿಲ್ಲುತ್ತೆ. ಇದು ಕ್ಯಾಥೊಲಿಕ್ ಇಂಗ್ಲೆಂಡಿನ ನಂಬಿಕೆ.

ಮಾರ್ಲೋ ಕಾಲಕ್ಕೆ ದೇಶ ಪ್ರಾಟೆಸ್ಟಂಟ್ ಆಗಿತ್ತು, ಯಾರಿಗೆ ಮೋಕ್ಷ ಅಂತ ದೇವರು ಮೊದ್ಲೇ ತೀರ್ಮಾನ ಮಾಡಿರ್ತಾನೆ ಅನ್ನೋ ಪ್ರಾಟೆಸ್ಟಂಟ್ ಗುರು ಕ್ಯಾಲ್ವಿನ್‌ನ ವಾದ ಜೋರಾಗಿತ್ತು. ಹಾಗಾಗಿ ಫಾಸ್ಟಸ್ ವಿಧಿಯ ಬಲಿಪಶು ಅಂತ ಓದೋರೂ ಇದಾರೆ. ನಂಗೇನೋ ಅದು ಪೂರ್ತಿ ಒಪ್ಪಿಗೆ ಆಗಲ್ಲ. ಮೊದಲನೇ ಸೀನ್‌ನಲ್ಲೇ ಅವನು ಬೈಬಲ್ ತೆಗೆದು ಪಾಪ ಕೊಡೋ ಸಂಬಳ ಮರಣ ಅನ್ನೋದನ್ನ ಓದ್ತಾನೆ, ಅದೇ ವಚನದ ಮುಂದಿನ ಭಾಗದಲ್ಲಿ ದೇವರ ವರ ನಿತ್ಯಜೀವ ಅಂತಿದೆ, ಅದನ್ನ ಓದೋದೇ ಇಲ್ಲ! ಅರ್ಧ ಓದ್ಬಿಟ್ಟು ಆಗೋದು ಆಗೇ ಆಗುತ್ತೆ ಅಂತ ಪುಸ್ತಕ ಪಕ್ಕಕ್ಕಿಡ್ತಾನೆ, ಅಂದ್ರೆ ವಿಧಿ ಅನ್ನೋದು ಅವನು ಹುಡುಕ್ಕೊಂಡ ನೆಪ. ಕೊನೇ ಗಂಟೆಯಲ್ಲೂ ಅಷ್ಟೇ, ಹುಟ್ಟಿದಾಗಿನ ನಕ್ಷತ್ರದ ಮೇಲೆ ಹಾಕ್ತಾನೆ, ಹೆತ್ತವರಿಗೆ ಶಾಪ ಹಾಕ್ತಾನೆ, ತಕ್ಷಣ ಇಲ್ಲ ಇಲ್ಲ ನಿನ್ನನ್ನೇ ಶಪಿಸ್ಕೋ ಅಂತಾನೆ, ಅದೇ ಉಸಿರಲ್ಲಿ ಲೂಸಿಫರ್‌ನನ್ನೂ ಎಳೀತಾನೆ. ಒಂದೇ ಸ್ವಗತದಲ್ಲಿ ತಪ್ಪು ಯಾರ್ಯಾರ ಮೇಲೆಲ್ಲಾ ಹೋಗುತ್ತೆ ನೋಡಿ, ಈ ಭಾಗ ಕೋಟ್ ಮಾಡ್ಲೇಬೇಕು.

ನಿಜವಾಗ್ಲೂ ವಿಧಿಯೇ ಆಡಿಸೋ ನಾಟಕ ಬೇಕಂದ್ರೆ ಥಾಮಸ್ ಕಿಡ್‌ನ 'ದಿ ಸ್ಪ್ಯಾನಿಷ್ ಟ್ರ್ಯಾಜಿಡಿ' ಇದೆ, ಅಲ್ಲಿ ಸೇಡು ಅನ್ನೋದೇ ಒಂದು ಪಾತ್ರ, ಯಾರು ಯಾರನ್ನ ಕೊಲ್ತಾರೆ ಅಂತ ಶುರುವಲ್ಲೇ ಹೇಳ್ಬಿಟ್ಟು ಪ್ರೇಕ್ಷಕರ ಥರ ಕೂತ್ಕೊಳ್ಳುತ್ತೆ, ಮಧ್ಯೆ ನಿದ್ದೆ ಬೇರೆ ಮಾಡುತ್ತೆ. ಜಾಗ ಇದ್ರೆ ಅದ್ರ ಬಗ್ಗೆ ಒಂದು ಪ್ಯಾರಾ ಸೇರ್ಸಿ, ಇಲ್ದಿದ್ರೆ ಬಿಡಿ, ಎರಡು ನಾಟಕಕ್ಕೇ ಪುಟ ಸಾಲಲ್ಲ.